ಮೂರನೇ ಪಿನ್ನು ಎಲ್ಲಿಗೆ ಹೋಗುತ್ತದೆ?

1960ರ ದಶಕದ ಬ್ರಿಟನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೋ ಹೀಟರನ್ನೋ ಕೊಂಡರೆ ಅದರ ಜೊತೆ ಪ್ಲಗ್ ಬರಬೇಕೆಂಬ ನಿಯಮವಿರಲಿಲ್ಲ. ಸಾಮಾನ್ಯವಾಗಿ ವೈರಿನ ತುದಿಯಲ್ಲಿ ಮೂರು ಬಣ್ಣದ ತಂತಿಗಳಷ್ಟೇ ಇರುತ್ತಿದ್ದವು. ಪ್ಲಗ್ಗನ್ನು ಬೇರೆಯಾಗಿ ಕೊಂಡು ಮನೆಯವರೇ ಕೂರಿಸಿಕೊಳ್ಳಬೇಕಿತ್ತು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂಬುದು ಅವರಿಗೆಲ್ಲ ಬಾಯಿಪಾಠ. ಅದೇ ಕಾಲಕ್ಕೆ ಜರ್ಮನಿಯ ಸಾಮಾನುಗಳೂ ಅಲ್ಲಿನ ಅಂಗಡಿಗೆ ಬರುತ್ತಿದ್ದವು. ಜರ್ಮನಿಯ ಆಗಿನ ರೂಢಿಯಲ್ಲಿ ಕೆಂಪು ತಂತಿಯೇ ಅರ್ಥ್. ಬ್ರಿಟನ್ನಿನ ಗೃಹಸ್ಥನೊಬ್ಬ ತನಗೆ ಗೊತ್ತಿದ್ದ ಪಾಠದ ಪ್ರಕಾರ ಕೆಂಪನ್ನು ಫೇಸ್ ಪಿನ್ನಿಗೆ ಬಿಗಿದರೆ, ಉಪಕರಣದ ಲೋಹದ ಮೈಗೆ ನೇರವಾಗಿ 240 ವೋಲ್ಟ್ ಹರಿಯುತ್ತಿತ್ತು. ಅವನು ಏನನ್ನೂ ಕಡೆಗಣಿಸಿರಲಿಲ್ಲ, ತಂತಿಯನ್ನು ಸಡಿಲ ಬಿಟ್ಟಿರಲಿಲ್ಲ. ಎರಡು ದೇಶಗಳು ಒಂದೇ ಬಣ್ಣಕ್ಕೆ ಎರಡು ಅರ್ಥ ಕೊಟ್ಟುಕೊಂಡಿದ್ದವು, ಅಷ್ಟೇ.

ಯುರೋಪಿನ ದೇಶಗಳು ಒಟ್ಟಿಗೆ ಕೂತು ಬಣ್ಣಗಳನ್ನು ಒಂದು ಮಾಡಿದ್ದಕ್ಕೆ ಇಂಥ ಗೊಂದಲವೂ ಒಂದು ಕಾರಣ. ಉಪಕರಣದ ವೈರಿಗೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥ್ ಎಂಬ ಈಗಿನ ಪದ್ಧತಿ ಬ್ರಿಟನ್ನಿಗೆ 1969-70ರ ಹೊತ್ತಿಗೆ ಬಂತು. ಇನ್ನೊಂದು ಕಾರಣವೂ ಇತ್ತು. ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು. ಜೀವ ತೆಗೆಯುವ ತಂತಿಗೆ ಕೆಂಪು, ಜೀವ ಉಳಿಸುವ ತಂತಿಗೆ ಹಸಿರು ಎಂದು ಗೊತ್ತು ಮಾಡಿದ್ದು ಅಂಥವರ ಪಾಲಿಗೆ ದೊಡ್ಡ ಅಪಾಯವಾಗಿತ್ತು. ಎರಡು ಬಣ್ಣದ ಪಟ್ಟೆಯಾದರೆ ಮಬ್ಬು ಬೆಳಕಿನಲ್ಲೂ ಎಂಥ ಕಣ್ಣಿಗೂ ಬೇರೆಯಾಗಿ ಕಾಣುತ್ತದೆ.

ಗೋಡೆಯೊಳಗಿನ ವೈರಿಂಗಿಗೆ ಈ ಬಣ್ಣಗಳು ಬ್ರಿಟನ್ನಿನಲ್ಲಿ ಬಂದದ್ದು ಬಹಳ ತಡವಾಗಿ. 2004ರಲ್ಲಿ ಅವಕಾಶ ಕೊಟ್ಟು, 2006ರ ಮಾರ್ಚ್ ಕೊನೆಯಿಂದ ಕಡ್ಡಾಯ ಮಾಡಿದರು. ಅದುವರೆಗೆ ತ್ರೀ ಫೇಸ್ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗಳಾಗಿದ್ದು ಕಪ್ಪು ನ್ಯೂಟ್ರಲ್ ಆಗಿತ್ತು. ಹೊಸ ಪದ್ಧತಿಯಲ್ಲಿ ಕಪ್ಪು ಒಂದು ಫೇಸ್, ನೀಲಿಯೇ ನ್ಯೂಟ್ರಲ್. ಅಂದರೆ ಎರಡು ಬಣ್ಣಗಳು ಪೂರಾ ಅದಲುಬದಲಾದವು. ಹಳೆಯದೂ ಹೊಸದೂ ಸೇರುವ ಬೋರ್ಡಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ಅಲ್ಲಿನ ನಿಯಮ ಹೇಳಬೇಕಾಗಿ ಬಂತು.

ಇದು ನಮಗೆ ದೂರದ ಕಥೆಯಲ್ಲ. ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮೇಲೆ ಇವತ್ತಿಗೂ ಆರ್, ವೈ, ಬಿ ಎಂದೇ ಬರೆದಿರುತ್ತದೆ. ಅಲ್ಲಿ ನೀಲಿ ಎಂದರೆ ಮೈಮೇಲೆ ಬೀಳುವ ಫೇಸ್. ಆ ಪಂಪಿನ ರೈತನ ಅಡುಗೆಮನೆಯ ಮಿಕ್ಸಿಯ ವೈರ್ ಬಿಚ್ಚಿದರೆ ನೀಲಿ ನ್ಯೂಟ್ರಲ್. ಗೋಡೆಯೊಳಗೆ ಕೆಂಪು, ಕಪ್ಪು, ಹಸಿರು. ಉಪಕರಣದಲ್ಲಿ ಕಂದು, ನೀಲಿ, ಹಸಿರು-ಹಳದಿ. ಅಮೆರಿಕದಿಂದ ಮಗ ತಂದ ಯಂತ್ರದ ವೈರ್ ಕತ್ತರಿಸಿ ನಮ್ಮ ಪ್ಲಗ್ ಹಾಕಲು ಹೊರಟರೆ ಮೂರನೆಯ ಭಾಷೆ ಎದುರಾಗುತ್ತದೆ: ಅಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ನಮ್ಮ ಕೈಗೆ ಕಪ್ಪು ಎಂದರೆ ನ್ಯೂಟ್ರಲ್ ಎಂದು ರೂಢಿ. ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ಮೀಟರ್ ಹಿಡಿದು ನೋಡುವುದು ಕ್ಷೇಮ ಎನ್ನಲು ಇಷ್ಟು ಸಾಕು.

ಅರ್ಥ್ ತಂತಿಯ ಕೆಲಸವೇನು ಎಂಬುದನ್ನು ಇಲ್ಲೇ ಬಿಡಿಸಿಟ್ಟುಕೊಳ್ಳೋಣ. ಗೀಸರಿನೊಳಗೆ ಕಾಯಿಲ್ ಸೀಳಿ ಫೇಸ್ ಅದರ ಲೋಹದ ಮೈಗೆ ತಾಗಿತೆನ್ನಿ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಏನೂ ಗೊತ್ತಾಗುವುದಿಲ್ಲ. ಒದ್ದೆ ಮೈಯ ಪ್ರತಿರೋಧ ಸಾವಿರ ಓಮ್ ಎಂದಿಟ್ಟುಕೊಂಡರೂ 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಹತ್ತು ಮಿಲಿ ಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ. ಮೂವತ್ತು ದಾಟಿ ಕೆಲ ಕ್ಷಣ ನಿಂತರೆ ಹೃದಯದ ಬಡಿತವೇ ಹಾದಿ ತಪ್ಪಬಹುದು. ಅರ್ಥ್ ತಂತಿ ಆ ಲೋಹದ ಮೈಯನ್ನು ಮೊದಲೇ ಭೂಮಿಗೆ ಕಟ್ಟಿಟ್ಟಿರುತ್ತದೆ. ಫೇಸ್ ತಾಗಿದೊಡನೆ ದೊಡ್ಡ ಪ್ರವಾಹ ಹರಿದು ಫ್ಯೂಸ್ ಹೋಗಬೇಕು, ಅಥವಾ ಅದರ ಬದಲಿಗಿರುವ ಎಂಸಿಬಿ ಸ್ವಿಚ್ಚು ಬೀಳಬೇಕು. ಈ ‘ಹೋಗಬೇಕು, ಬೀಳಬೇಕು’ ಎಂಬಲ್ಲಿ ಎಲ್ಲ ದೇಶಗಳ ಕಥೆಯೂ ಬೇರೆಯಾಗುತ್ತದೆ. ಮುಂದೆ ಅದಕ್ಕೆ ಬರುತ್ತೇನೆ. ಮೊದಲು ಕಣ್ಣಿಗೆ ಕಾಣುವ ಪ್ಲಗ್ಗಿನ ಮಾತು.

ನಮ್ಮ ಮೂರು ಗುಂಡು ಪಿನ್ನಿನ ಪ್ಲಗ್ 1934ರ ಬ್ರಿಟಿಷ್ ಮಾನಕ ಬಿಎಸ್ 546ರ ಸಂತಾನ. ಅಲ್ಲಿ ಅದು 5 ಮತ್ತು 15 ಆಂಪಿಯರ್ ಎನಿಸಿಕೊಂಡಿತ್ತು, ಈಗ ನಮ್ಮ ಐಎಸ್ 1293ರಲ್ಲಿ 6 ಮತ್ತು 16. ಇದರ ವಿನ್ಯಾಸ ನನಗೆ ಬಹಳ ಮೆಚ್ಚಿಗೆ. ಮೇಲಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ, ಹಾಗಾಗಿ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಕೂಡುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ದಪ್ಪವೂ ಹೆಚ್ಚು, ಹಾಗಾಗಿ ಫೇಸಿನ ತೂತಿಗೆ ಅದು ಹೋಗಲಾರದು. ಇಷ್ಟು ಯೋಚಿಸಿ ಮಾಡಿದ ಪಿನ್ನನ್ನು ನಾವು ಎಕ್ಸ್‌ಟೆನ್ಷನ್ ಬೋರ್ಡಿಗೆ ಹೋಗಲಿಲ್ಲವೆಂದು ಮುರಿದು ಹಾಕುತ್ತೇವೆ. ಟೂ ಪಿನ್ ಒಳಗೆ ಹೋಗಲೆಂದು ಅರ್ಥ್ ತೂತಿಗೆ ಪೆನ್ನು ಚುಚ್ಚಿ ಒಳಗಿನ ಮುಚ್ಚಳ ಸರಿಸುತ್ತೇವೆ.

ಬ್ರಿಟನ್ ತಾನು ಕೊಟ್ಟ ಈ ಪ್ಲಗ್ಗನ್ನು ತಾನೇ ಬಿಟ್ಟಿತು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಯುದ್ಧ ಮುಗಿದ ಮೇಲೆ ಕಟ್ಟಬೇಕಾದ ಲಕ್ಷಾಂತರ ಮನೆಗಳ ವೈರಿಂಗ್ ಹೇಗಿರಬೇಕೆಂದು ಅಲ್ಲೊಂದು ಸಮಿತಿ ಕೂತಿತು. 1944ರಲ್ಲಿ ವರದಿ ಬಂತು. ಆ ಸಮಿತಿಯ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಮನೆಯಲ್ಲಿ ವಿದ್ಯುತ್ತನ್ನು ದಿನವಿಡೀ ಬಳಸುವವರು ಹೆಂಗಸರು, ಸಾಕೆಟ್ಟಿನ ಎತ್ತರದಲ್ಲೇ ಓಡಾಡುವವರು ಮಕ್ಕಳು ಎಂಬುದನ್ನು ಬಲ್ಲ ಎಂಜಿನಿಯರ್ ಆಕೆ. ಮಗು ಕಡ್ಡಿ ಚುಚ್ಚಿದರೂ ತೆರೆಯದ ಮುಚ್ಚಳದ ಸಾಕೆಟ್ ಆ ವರದಿಯ ಫಲ. 1947ರಲ್ಲಿ ಬಂದ, ಚಪ್ಪಟೆ ಪಿನ್ನುಗಳ ಬಿಎಸ್ 1363 ಪ್ಲಗ್ಗಿನ ಉದ್ದದ ಅರ್ಥ್ ಪಿನ್ನೇ ಆ ಮುಚ್ಚಳಕ್ಕೆ ಕೀಲಿಕೈ. ತಾಮ್ರದ ಕೊರತೆಯಿದ್ದ ಕಾಲ. ತಂತಿ ಉಳಿಸಲು ಹಲವು ಸಾಕೆಟ್ಟುಗಳನ್ನು ಬಳೆಯಂತೆ ಸುತ್ತಿ ಒಂದೇ 30 ಆಂಪಿಯರ್ ಫ್ಯೂಸಿಗೆ ಕೊಟ್ಟರು. ಆದರೆ ಟೇಬಲ್ ಲ್ಯಾಂಪಿನ ಸಣ್ಣ ವೈರ್ 30 ಆಂಪಿಯರ್ ತಡೆಯಲಾರದು. ಅದಕ್ಕಾಗಿಯೇ ಪ್ಲಗ್ಗಿನ ಹೊಟ್ಟೆಯೊಳಗೆ 3 ಅಥವಾ 13 ಆಂಪಿಯರಿನ ಫ್ಯೂಸ್ ಇಟ್ಟರು. ದುಬೈ, ಮಸ್ಕತ್, ದೋಹಾಗಳಲ್ಲಿರುವ ನಮ್ಮ ಕರಾವಳಿಯವರಿಗೆ ಈ ಚಪ್ಪಟೆ ಪಿನ್ನು ಚೆನ್ನಾಗಿ ಗೊತ್ತು. ಅವರು ಊರಿಗೆ ಬಂದಾಗ ಆ ಪ್ಲಗ್ ಕತ್ತರಿಸಿ ನಮ್ಮದನ್ನು ಹಾಕಿದರೆ ಆ ಫ್ಯೂಸೂ ಜೊತೆಗೇ ಹೋಗುತ್ತದೆ ಎಂಬುದು ಗಮನದಲ್ಲಿರಲಿ. ಎಲ್ಲ ಉಪಕರಣಗಳೂ ಪ್ಲಗ್ ಸಮೇತವೇ ಮಾರಾಟವಾಗಬೇಕೆಂಬ ನಿಯಮ ಬ್ರಿಟನ್ನಿಗೆ ಬಂದದ್ದು 1994ರಲ್ಲಿ.

ಜರ್ಮನಿಯ ಶೂಕೋ ಪ್ಲಗ್ಗಿನ ದಾರಿ ಬೇರೆ. 1920ರ ದಶಕದಲ್ಲಿ ಆಲ್ಬರ್ಟ್ ಬ್ಯುಟ್ನರ್ ರೂಪಿಸಿದ ಇದರಲ್ಲಿ ಅರ್ಥಿಗೆ ಪಿನ್ನೇ ಇಲ್ಲ. ಪಕ್ಕದ ಎರಡು ಲೋಹದ ಪಟ್ಟಿಗಳು ಸಾಕೆಟ್ಟಿನ ಚಿಮಟಕ್ಕೆ ತಾಗುತ್ತವೆ. ತಿರುಗಿಸಿ ಚುಚ್ಚಿದರೂ ಕೂರುತ್ತದೆ, ಆದ್ದರಿಂದ ಯಾವುದು ಫೇಸ್ ಯಾವುದು ನ್ಯೂಟ್ರಲ್ ಎಂಬ ಖಾತರಿಯಿಲ್ಲ. ಉಪಕರಣ ಮಾಡುವವನು ಎರಡನ್ನೂ ಫೇಸ್ ಎಂದೇ ಎಣಿಸಿ ಮಾಡಬೇಕು. ಫ್ರಾನ್ಸಿನಲ್ಲಿ ಅರ್ಥ್ ಪಿನ್ನು ಸಾಕೆಟ್ಟಿನಿಂದಲೇ ಹೊರಚಾಚಿರುತ್ತದೆ. ಎರಡಕ್ಕೂ ಒಗ್ಗುವ ಪ್ಲಗ್ಗನ್ನು ಆಮೇಲೆ ಮಾಡಿಕೊಂಡರು. ಆದರೆ ಅದೇ ಪ್ಲಗ್ಗನ್ನು ಡೆನ್ಮಾರ್ಕಿನ ಹಳೆಯ ಸಾಕೆಟ್ಟಿಗೆ ಚುಚ್ಚಿ ನೋಡಿ. ಸಲೀಸಾಗಿ ಹೋಗುತ್ತದೆ, ಯಂತ್ರ ಓಡುತ್ತದೆ, ಅರ್ಥ್ ಮಾತ್ರ ಎಲ್ಲೂ ತಾಗುವುದಿಲ್ಲ. ಅಕ್ಕಪಕ್ಕದ ದೇಶಗಳ ನಡುವೆ ಉಳಿದ ಇಂಥ ಸಂದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು, ಏಕೆಂದರೆ ಬಳಸುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಪ್ಲಗ್ ಹೋಗದಿದ್ದರೆ ಮನುಷ್ಯ ನಿಂತು ಯೋಚಿಸುತ್ತಾನೆ, ಹೋದರೆ ಯಾಕೆ ಯೋಚಿಸಿಯಾನು?

ಅಮೆರಿಕದಲ್ಲಿ ಹೊಸ ಮನೆಗಳಿಗೆಲ್ಲ ಮೂರು ತೂತಿನ ಸಾಕೆಟ್ ಕಡ್ಡಾಯವಾದದ್ದು 1960ರ ದಶಕದಲ್ಲಿ. 120 ವೋಲ್ಟ್ ಎಂಬ ಸಮಾಧಾನ ಅವರನ್ನು ಅಷ್ಟು ಕಾಲ ಸುಮ್ಮನಿರಿಸಿತ್ತು. ಯುದ್ಧಕಾಲದ ತಾಮ್ರದ ಉಳಿತಾಯಕ್ಕೆಂದು ವಿದ್ಯುತ್ ಒಲೆಗಳ ಮೈಯನ್ನು ನ್ಯೂಟ್ರಲ್ಲಿಗೇ ಕಟ್ಟಲು ಕೊಟ್ಟ ಸಡಿಲಿಕೆ ಬಟ್ಟೆ ಒಣಗಿಸುವ ಯಂತ್ರಕ್ಕೂ ಹಬ್ಬಿ, 1996ರ ವಿದ್ಯುತ್ ಸಂಹಿತೆಯವರೆಗೆ ಉಳಿಯಿತು. ಒಂದು ತುರ್ತಿಗೆ ಬಿಟ್ಟ ದಾರಿ ಅರ್ಧ ಶತಮಾನ ನಡೆಯಿತು. ಜಪಾನಿನಲ್ಲಿ 100 ವೋಲ್ಟ್, ಸಾಕೆಟ್ಟಿಗೆ ಹೆಚ್ಚಾಗಿ ಎರಡೇ ತೂತು. ಬಟ್ಟೆ ಒಗೆಯುವ ಯಂತ್ರದ ಪ್ಲಗ್ ಪಕ್ಕದಲ್ಲಿ ಹಸಿರು ತಂತಿಯೊಂದು ಬೇರೆಯಾಗಿ ತೂಗುತ್ತಿರುತ್ತದೆ. ಸಾಕೆಟ್ಟಿನ ಕೆಳಗಿನ ಪುಟ್ಟ ಮುಚ್ಚಳ ಎತ್ತಿ, ಸ್ಕ್ರೂ ಸಡಿಲಿಸಿ ಅದನ್ನು ಬಿಗಿಯಬೇಕು. ಬಿಗಿಯದೆ ಬಿಟ್ಟರೂ ಯಂತ್ರ ಓಡುತ್ತದೆ.

ಎಲ್ಲ ದೇಶಕ್ಕೂ ಒಂದೇ ಪ್ಲಗ್ ಬರಲೆಂದು 1986ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಒಂದು ಮಾನಕ ಹೊರಡಿಸಿತು. ಬ್ರೆಜಿಲ್ ಸ್ವಲ್ಪ ಮಾರ್ಪಡಿಸಿ ಒಪ್ಪಿಕೊಂಡಿತು, ದಕ್ಷಿಣ ಆಫ್ರಿಕಾ ಅದರತ್ತ ಹೊರಳಿದೆ, ಉಳಿದವರು ಅಲುಗಾಡಲಿಲ್ಲ. ಕೋಟ್ಯಂತರ ಗೋಡೆಗಳನ್ನು ಯಾರು ಬಿಚ್ಚುತ್ತಾರೆ? ಇದಕ್ಕಾಗಿ ನಾನು ಮರುಗುವುದಿಲ್ಲ. ಪಿನ್ನಿನ ಆಕಾರಕ್ಕಿಂತ ಪಿನ್ನಿನ ಹಿಂದೆ ಗೋಡೆಯೊಳಗೆ ಏನಿದೆ ಎಂಬುದೇ ಜೀವದ ಪ್ರಶ್ನೆ.

ಬ್ರಿಟನ್, ಜರ್ಮನಿಯ ಹೆಚ್ಚಿನ ಮನೆಗಳಿಗೆ ವಿದ್ಯುತ್ ಕಂಪನಿಯ ಕೇಬಲ್ ಜೊತೆಗೇ ಅರ್ಥೂ ಬರುತ್ತದೆ. ಉಪಕರಣದಲ್ಲಿ ಫೇಸ್ ಮೈಗೆ ತಾಗಿದರೆ ಪ್ರವಾಹ ಲೋಹದ ದಾರಿಯಲ್ಲೇ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಆ ದಾರಿಯ ಪ್ರತಿರೋಧ ಅರ್ಧ ಓಮ್ ಎಂದರೆ 460 ಆಂಪಿಯರ್ ಹರಿದು, ಕಣ್ಣು ಮಿಟುಕಿಸುವುದರೊಳಗೆ ಎಂಸಿಬಿ ಬೀಳುತ್ತದೆ. ನಮ್ಮಲ್ಲಿ ಕಂಬದಿಂದ ಮನೆಗೆ ಬರುವುದು ಬಹುಮಟ್ಟಿಗೆ ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಅರ್ಥ್ ಬೇಕಾದರೆ ಅಂಗಳದಲ್ಲಿ ನಾವೇ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಬೇಕು. ಆ ಗುಂಡಿಯ ಪ್ರತಿರೋಧ 20 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ 2 ಓಮ್ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಒಟ್ಟು 22 ಓಮ್, ಪ್ರವಾಹ ಸುಮಾರು ಹತ್ತೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡ್, ಬೀಳುವುದೇ ಇಲ್ಲ. ಗೀಸರಿನ ಮೈಮೇಲೆ ಸುಮಾರು 209 ವೋಲ್ಟ್ ಹಾಗೆಯೇ ನಿಂತಿರುತ್ತದೆ. ಅರ್ಥಿಂಗ್ ಇದೆ, ಹಸಿರು ತಂತಿ ಇದೆ, ಮೂರನೇ ಪಿನ್ನೂ ಇದೆ, ರಕ್ಷಣೆ ಮಾತ್ರ ಇಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಆ 20 ಓಮ್ ಇನ್ನೂ ಏರುತ್ತದೆ. ಉಪ್ಪು ಪೈಪನ್ನೇ ತಿಂದುಹಾಕುವುದೂ ಉಂಟು. ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿರುತ್ತಿದ್ದರು. ಆ ಪೈಪುಗಳು ಪಿವಿಸಿಗೆ ಬದಲಾದ ದಿನವೇ ಅರ್ಥಿಂಗ್ ಸತ್ತುಹೋಯಿತು, ಮನೆಯವರಿಗೆ ತಿಳಿಯಲೇ ಇಲ್ಲ.

ಅರ್ಥಿಂಗ್ ಸರಿಯಿದೆಯೇ ಎಂದು ಕೇಳಿದರೆ ನಮ್ಮ ಎಲೆಕ್ಟ್ರಿಷಿಯನ್‌ಗಳು ಟೆಸ್ಟ್ ಲ್ಯಾಂಪ್ ತೆಗೆಯುತ್ತಾರೆ. ಹೋಲ್ಡರಿನಲ್ಲಿ 100 ವ್ಯಾಟ್ ಬಲ್ಬು, ಅದರಿಂದ ಇಳಿಬಿಟ್ಟ ಎರಡು ತಂತಿ. ಒಂದನ್ನು ಫೇಸಿನ ತೂತಿಗೆ, ಇನ್ನೊಂದನ್ನು ಅರ್ಥಿನ ತೂತಿಗೆ ಇಡುತ್ತಾರೆ. ಬಲ್ಬು ಝಗ್ ಎಂದು ಹತ್ತಿತು, “ಅರ್ಥಿಂಗ್ ಫಸ್ಟ್ ಕ್ಲಾಸ್ ಸಾರ್.” ಆದರೆ ಹತ್ತಿ ಉರಿಯುವ ಆ ಬಲ್ಬಿನದೇ ಪ್ರತಿರೋಧ ಸುಮಾರು 530 ಓಮ್. ಗುಂಡಿಯ 20 ಓಮ್ ಅದರ ಮುಂದೆ ಯಾವ ಲೆಕ್ಕ? ಗುಂಡಿ 100 ಓಮ್ ಇದ್ದರೂ ಬೆಳಕು ತುಸು ಮಂಕಾದೀತು, ಅಷ್ಟೇ. ಅರ್ಧ ಆಂಪಿಯರೂ ಬೇಡದ ಬಲ್ಬು ಹತ್ತಿದ ಮಾತ್ರಕ್ಕೆ ನೂರಾರು ಆಂಪಿಯರಿಗೆ ದಾರಿ ಇದೆ ಎಂದಾಗುವುದಿಲ್ಲ. ಇನ್ನೂ ಕೆಟ್ಟದ್ದೊಂದಿದೆ. ಗುಂಡಿ ತೋಡುವ ಗೋಜೇ ಬೇಡವೆಂದು ಸಾಕೆಟ್ಟಿನ ಹಿಂದೆ ಅರ್ಥ್ ಮತ್ತು ನ್ಯೂಟ್ರಲ್ ಸ್ಕ್ರೂಗಳ ನಡುವೆ ತುಂಡು ತಂತಿ ಹಾಕಿಬಿಡುವವರಿದ್ದಾರೆ. ಅಂಥ ಕಡೆ ಟೆಸ್ಟ್ ಲ್ಯಾಂಪ್ ಇನ್ನೂ ಚೆನ್ನಾಗಿ ಹತ್ತುತ್ತದೆ. ಮುಂದೊಂದು ದಿನ ಎಲ್ಲೋ ನ್ಯೂಟ್ರಲ್ ಕಡಿದುಹೋದರೆ, ಮನೆಯ ಅಂಥ ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ನಿಗೂ, ಫ್ರಿಜ್ಜಿನ ಬಾಗಿಲಿಗೂ, ವಾಷಿಂಗ್ ಮಷಿನ್ನಿನ ಮೈಗೂ ಫೇಸ್ ಬರುತ್ತದೆ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯೊಂದರ ಅಡುಗೆಮನೆ ಸಾಕೆಟ್ ಬಿಚ್ಚಿದಾಗ ಇದೇ ಕಂಡಿತು. ಒಂದು ಅಂಗುಲದ ಕಪ್ಪು ತಂತಿ, ನೀಟಾಗಿ ಬಗ್ಗಿಸಿ ಬಿಗಿದದ್ದು. ಮಾಡಿದವನ ಕೈ ಪಳಗಿದ ಕೈ. ಅದೇ ನನಗೆ ಸಂಕಟ ತಂದದ್ದು.

ಗುಂಡಿಯನ್ನು ನಂಬಿ ಕೂರಲಾಗದು ಎಂದು ಮೊದಲೇ ಒಪ್ಪಿಕೊಂಡ ದೇಶಗಳೂ ಇವೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕಾರ್ಮಿಕರು ಶಾಕ್ ಹೊಡೆದು ಸಾಯುತ್ತಿದ್ದರು. ಅಲ್ಲಿನ ಹೆನ್ರಿ ರೂಬಿನ್ 1950ರ ದಶಕದಲ್ಲಿ ಸಣ್ಣ ಸೋರಿಕೆಯನ್ನೂ ಹಿಡಿಯುವ ಸಾಧನ ಮಾಡಿದರು. 1970ರ ದಶಕದ ಮಧ್ಯದಲ್ಲಿ ಆ ದೇಶ ಅದನ್ನು ಮನೆಗಳಿಗೇ ಕಡ್ಡಾಯ ಮಾಡಿತು. ನಮ್ಮದೇ ಬಗೆಯ 15 ಆಂಪಿಯರ್ ಗುಂಡು ಪಿನ್ನನ್ನು ಬಳಸುತ್ತ ಬಂದ ದೇಶ ಅದು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಷ್ಟು ಪ್ರವಾಹಕ್ಕೆ ಮನುಷ್ಯನ ಕೈ ಬಿಡಿಸಿಕೊಳ್ಳಲಾರದು ಎಂಬುದನ್ನು ವರ್ಷಗಟ್ಟಲೆ ಅಳೆದು, 1961ರಲ್ಲಿ ಸುಮಾರು 5 ಮಿಲಿ ಆಂಪಿಯರಿಗೇ ಕಡಿಯುವ ಸಾಧನ ರೂಪಿಸಿದರು. ಅಮೆರಿಕದ ಬಚ್ಚಲುಮನೆ ಸಾಕೆಟ್ಟಿಗೆ ಅದು 1975ರಲ್ಲಿ ಬಂತು. ಅರ್ಥ್ ಇಲ್ಲದ ಹಳೆಯ ಮನೆಗೆ ಇದನ್ನು ಹಾಕಿ, ಅರ್ಥ್ ಇಲ್ಲವೆಂದು ಸಾಕೆಟ್ಟಿನ ಮೇಲೆ ಬರೆದಿಡಲು ಅಲ್ಲಿನ ಸಂಹಿತೆ ಒಪ್ಪುತ್ತದೆ. ಫ್ರಾನ್ಸಿನಲ್ಲೂ ನಮ್ಮಂತೆ ಮನೆಮನೆಗೆ ಸ್ವಂತ ಅರ್ಥ್ ಗೂಟ. ಅಲ್ಲಿ 1991ರಿಂದ ಹೊಸ ಮನೆಗಳ ಸಾಕೆಟ್ಟುಗಳಿಗೆ 30 ಮಿಲಿ ಆಂಪಿಯರಿನ ರಕ್ಷಣೆ ಕಡ್ಡಾಯ.

ನಮ್ಮಲ್ಲಿ ಸೋರಿಕೆ ಹಿಡಿಯುವ ಈ ಸಾಧನವನ್ನು ಆರ್‌ಸಿಸಿಬಿ ಎನ್ನುತ್ತಾರೆ, ಹಳೆಯ ಬಾಯಿಗೆ ಇಎಲ್‌ಸಿಬಿ. ಫೇಸ್, ನ್ಯೂಟ್ರಲ್ ಎರಡೂ ಒಂದೇ ಕಬ್ಬಿಣದ ಉಂಗುರದೊಳಗೆ ಹಾಯುತ್ತವೆ. ಹೋದಷ್ಟೇ ಪ್ರವಾಹ ಮರಳಿದರೆ ಉಂಗುರ ಸುಮ್ಮನಿರುತ್ತದೆ. ಮಣ್ಣಿನ ಮೂಲಕವೋ ಮನುಷ್ಯನ ಮೂಲಕವೋ ಸ್ವಲ್ಪ ಸೋರಿದರೂ ವ್ಯತ್ಯಾಸ ಹಿಡಿದು ಕಡಿಯುತ್ತದೆ. ಗುಂಡಿ ಸಾವಿರ ಓಮ್ ಇದ್ದರೂ 230 ಮಿಲಿ ಆಂಪಿಯರ್ ಸೋರುತ್ತದೆ, 30ಕ್ಕೆ ಬೀಳುವ ಸ್ವಿಚ್ಚಿಗೆ ಅಷ್ಟು ಧಾರಾಳ. ಹಾಗೆಂದು ಅರ್ಥ್ ಬೇಡವೆಂದಲ್ಲ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಒಂದು ಏಟು ತಿಂದ ಮೇಲೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಇದು ಉಳಿಸಲಾರದು, ಅದು ಅದರ ಕಣ್ಣಿಗೆ ಇನ್ನೊಂದು ಬಲ್ಬು.

ಇದ್ದ ಕಡೆಯೂ ಇದನ್ನು ಕೊಲ್ಲುವುದುಂಟು. ಮನೆಗೆ ಯುಪಿಎಸ್ ಹಾಕಿಸುವಾಗ ಬೇರೆ ಬೇರೆ ಸರ್ಕ್ಯೂಟಿನ ನ್ಯೂಟ್ರಲ್‌ಗಳನ್ನು ಒಟ್ಟು ಸೇರಿಸಿಬಿಟ್ಟರೆ ಹೋದ ಪ್ರವಾಹ ಬೇರೆ ದಾರಿಯಲ್ಲಿ ಮರಳುತ್ತದೆ, ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. “ಸುಮ್ನೆ ಟ್ರಿಪ್ ಆಗ್ತಾ ಇರುತ್ತೆ ಸಾರ್, ಬೈಪಾಸ್ ಮಾಡಿಬಿಡ್ತೀನಿ” ಎಂದಾಗ ತಲೆಯಾಡಿಸಬೇಡಿ. ನ್ಯೂಟ್ರಲ್ ಬೇರ್ಪಡಿಸಲು ಅರ್ಧ ದಿನದ ಕೂಲಿ ಹೆಚ್ಚು ಹೋದರೂ ಕೊಡಿ.

ಪ್ಲಗ್ ಟಾಪ್ ಕೂರಿಸುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಮುಚ್ಚಳ ಬಿಚ್ಚಿ, ಪಿನ್ನುಗಳು ನಿಮ್ಮಿಂದಾಚೆ ಮುಖ ಮಾಡಿರುವಂತೆ ಹಿಡಿದರೆ ಮೇಲೆ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ಯಾರೋ ವೈರ್ ಹಿಡಿದು ಜಗ್ಗಿದರೆ ಫೇಸ್ ಮೊದಲು ಕಿತ್ತು ಬರಬೇಕು, ಅರ್ಥ್ ಕೊನೆಗೆ. ಎಳೆಗಳನ್ನು ಹುರಿ ಮಾಡಿ ಮಡಚಿ ಸ್ಕ್ರೂ ಕೆಳಗಿಡಿ. ಒಂದೆಳೆ ಹೊರಗುಳಿದರೂ ಪಕ್ಕದ ಪಿನ್ನಿಗೆ ತಾಗೀತು. ಸೀಸ ಹಚ್ಚಿ ಗಟ್ಟಿ ಮಾಡಬೇಡಿ, ಬಿಗಿದ ಸೀಸ ಕ್ರಮೇಣ ಕುಸಿದು ಸ್ಕ್ರೂ ಸಡಿಲಾಗುತ್ತದೆ, ಸಡಿಲಾದ ಕಡೆ ಕಾದು ಕರಗುತ್ತದೆ. ವೈರಿನ ಹೊರಕವಚ ಒಳಗಿನ ಹಿಡಿತದ ಪಟ್ಟಿಯ ಕೆಳಗೆ ಸಿಕ್ಕಿರಬೇಕು, ಬರೀ ಒಳತಂತಿಗಳಲ್ಲ. ಒಂದರೊಳಗೊಂದು ಚೌಕದ ಗುರುತಿರುವ ಉಪಕರಣಕ್ಕೆ ಎರಡು ನಿರೋಧಕ ಕವಚವಿರುತ್ತದೆ, ಅದಕ್ಕೆ ಟೂ ಪಿನ್ನೇ ಸರಿ. ಆ ಗುರುತಿಲ್ಲದ ಲೋಹದ ಮೈಗೆ ಟೂ ಪಿನ್ ಹಾಕಿದ್ದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಇನ್ನು ಸರ್ಕಾರದ ಪಾಲು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 33ನೇ ನಿಯಮ, ವಿದ್ಯುತ್ ಕೊಡುವವರೇ ಗ್ರಾಹಕನ ಮನೆಯಲ್ಲಿ ಅರ್ಥ್ ಟರ್ಮಿನಲ್ ಒದಗಿಸಿ ಕಾಪಾಡಬೇಕೆಂದು ಹೇಳಿತ್ತು. ಈಗಿನ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಗೂ ಆ ಮಾತು ಬಂದಿದೆ. ಮೀಟರ್ ಬೋರ್ಡಿನ ಬಳಿ ಅಂಥ ಟರ್ಮಿನಲ್ ಕಂಡವರು ನನಗೆ ಇನ್ನೂ ಸಿಕ್ಕಿಲ್ಲ. ಸೋರಿಕೆ ಕಡಿಯುವ ಸ್ವಿಚ್ಚನ್ನೂ ನಿಯಮ ಕಡ್ಡಾಯ ಮಾಡಿದೆ, ಆದರೆ ಇಂತಿಷ್ಟು ಕಿಲೋವ್ಯಾಟಿಗಿಂತ ಸಣ್ಣ ಸಂಪರ್ಕಗಳನ್ನು ಹೊರಗಿಟ್ಟು. ಹೊರಗುಳಿದವರು ಯಾರು? ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಒಂದೇ ಬಲ್ಬಿನ ಸಂಪರ್ಕ ಪಡೆದ ಬಡವರ ಮನೆಗಳು. ತಗಡಿನ ಸೂರು, ಮಣ್ಣಿನ ಒದ್ದೆ ನೆಲ, ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲೇ ಜೋಲುವ ಸರ್ವಿಸ್ ವೈರ್ ಇರುವ ಮನೆಗಳು. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಿರುವಾಗ ಈ ವಿನಾಯಿತಿ ನನಗೆ ಅರ್ಥವಾಗುವುದಿಲ್ಲ. ಎರಡು ಪೋಲಿನ 30 ಮಿಲಿ ಆಂಪಿಯರ್ ಆರ್‌ಸಿಸಿಬಿಗೆ ಒಂದು ಮಿಕ್ಸಿಯಷ್ಟೂ ಬೆಲೆಯಿಲ್ಲ. ಮೀಟರ್ ಕೂರಿಸಲು ಬಂದ ಲೈನ್‌ಮನ್ ಅದೇ ಹಲಗೆಯ ಮೇಲೆ ಇದನ್ನೂ ಕೂರಿಸಬಹುದು, ವೆಚ್ಚವನ್ನು ವಿದ್ಯುತ್ ಸರಬರಾಜು ಕಂಪನಿ ಭರಿಸಬೇಕು. ಫ್ರಾನ್ಸಿನಲ್ಲಿ ಮೀಟರಿನ ಪಕ್ಕದ ಮುಖ್ಯ ಬ್ರೇಕರ್ ವಿದ್ಯುತ್ ಕಂಪನಿಯದೇ, ಸಾಮಾನ್ಯವಾಗಿ ಅದರೊಳಗೇ 500 ಮಿಲಿ ಆಂಪಿಯರಿನ ಸೋರಿಕೆ ಹಿಡಿಯುವ ವ್ಯವಸ್ಥೆ ಇರುತ್ತದೆ. ಮನೆಯವರು ತಮ್ಮ 30ರದನ್ನು ಅದರ ಮುಂದೆ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಇದು ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದೇ ಬಲ್ಬಿನ ಮನೆಗಳಲ್ಲಿ.